ಭಾವನ ಕಂಬಳಿ ಚದುರಂಗ

ಎಪ್ಪತ್ತಾರನೇ ಇಸವಿ, ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗಿನ ಆರೂವರೆ. ಸ್ಥಳ, ಹಿರಿಯೂರಿನಲ್ಲಿ ನಮ್ಮಕ್ಕನ ಮನೆಯ ಪಡಸಾಲೆ. ಹಾಜರಿದ್ದವರು ಅಕ್ಕ, ಅಕ್ಕನ ಗಂಡ ಅಂದರೆ ನಮ್ಮ ಭಾವ, ಮತ್ತು ನಾನು. ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಭಾವನಷ್ಟು ತಲೆ ತಿನ್ನುವ ಮನುಷ್ಯ ಇನ್ನೊಬ್ಬನಿಲ್ಲವೆಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೆ. ಇದ್ದರೆ ಕರೆತನ್ನಿ! ಇಬ್ಬರನ್ನೂ ಎದುರುಬದುರು ಕೂರಿಸಿ ನಾನು ನೆಮ್ಮದಿಯಾಗಿ ಮಾರಿಕಣಿವೆಗೆ ವಾಪಸು ಹೋಗುತ್ತೇನೆ.

ಮಾರಿಕಣಿವೆಯ ನೀರಾವರಿ ಕಚೇರಿಯಲ್ಲಿ ಆಗ ನಾನು ಗುಮಾಸ್ತ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಏಳು ಗಂಟೆಯ ಬಸ್ಸೆಂದರೆ ಆರೂಮುಕ್ಕಾಲಿಗೇ ನಿಲ್ದಾಣದಲ್ಲಿ ನಿಂತಿರುವವನು. ಅಂದು ಚಿತ್ರದುರ್ಗದಲ್ಲಿ ಚದುರಂಗದ ಸ್ಪರ್ಧೆ. ಸ್ಪರ್ಧಿ ಮಹಾಶಯರು ಮಾತ್ರ ಬನಿಯನ್ನಿನಲ್ಲಿ ಕುಳಿತು ಕಾಯಿಗಳಿಗೆ ಹರಳೆಣ್ಣೆ ಸವರುತ್ತಿದ್ದರು!

"ಭಾವ, ಬಸ್ಸು ಹೋಗ್ತೈತೆ."

"ಹೋಗ್ಲಿ ಬಿಡೋ. ಬಸ್ಸು ಇನ್ನೊಂದು ಬರ್ತೈತೆ. ಆನೆ ಮುರಿದ್ರೆ ಇನ್ನೊಂದು ಬರ್ತೈತಾ?"

ಭಾವನದು ಕಂಬಳಿ ವ್ಯಾಪಾರ. ನಡುವಯಸ್ಸಿನಲ್ಲಿ ಕಣ್ಣಿನ ನರ ಸತ್ತು ದೃಷ್ಟಿ ಪೂರ್ತಿ ಹೋಯಿತು. ಅದಕ್ಕೆ ಅಂಗಡಿ ಮುಚ್ಚಿದರೆಂದುಕೊಂಡಿರಾ? ಇಲ್ಲ. ಕಂಬಳಿಯನ್ನು ಬೆರಳಲ್ಲಿ ಉಜ್ಜಿ ಅದು ಯಾವ ಊರಿನ ಉಣ್ಣೆ ಎಂದು ಹೇಳುವ ಮನುಷ್ಯನಿಗೆ ಕಣ್ಣು ಯಾಕೆ? ಅಂಗಡಿ ಮುಚ್ಚಿದ್ದು ಗಿರಾಕಿಗಳು ಚೌಕಾಸಿ ನಿಲ್ಲಿಸಿದ್ದಕ್ಕೆ! ಗಂಟೆಗಟ್ಟಲೆ ಜಗಳಾಡುತ್ತಿದ್ದವರೆಲ್ಲ "ಪಾಪ, ಕಣ್ಣಿಲ್ಲದೋರು" ಎಂದು ಹೇಳಿದ ಬೆಲೆ ಕೊಟ್ಟು ಹೋಗತೊಡಗಿದರು. "ಜಗಳ ಇಲ್ಲದ ವ್ಯಾಪಾರ ಏನ್ ವ್ಯಾಪಾರಾನೋ" ಎಂದು ಭಾವ ಬಾಗಿಲೆಳೆದು ಮನೆಗೆ ಬಂದರು. ಲಾಭ ಬಂದದ್ದಕ್ಕೆ ಅಂಗಡಿ ಮುಚ್ಚಿದ ಇನ್ನೊಬ್ಬ ವರ್ತಕನನ್ನು ನೀವು ಕಂಡಿದ್ದೀರಾ?

ಮನೆಯಲ್ಲಿ ಕುಳಿತು ಅಕ್ಕನ ಪ್ರಾಣ ಹಿಂಡುತ್ತಿದ್ದಾಗ ಚದುರಂಗ ಕಲಿಸಿದ ಪಾಪಿ ನಾನೇ. ಕಲಿಕೆಯೇನು ಸುಲಭವೇ? ಕುದುರೆಯನ್ನು ತಡವಲು ಹೋದರೆ ಮೊಣಕೈಗೆ ತಗುಲಿ ರಾಜನ ಸಮೇತ ಸೈನ್ಯವೆಲ್ಲ ನೆಲಕ್ಕೆ! ಆಮೇಲೆ ಭಾವ ಬಡಗಿಯನ್ನು ಕರೆಸಿ ಹಲಗೆಯ ಮನೆಮನೆಗೂ ತೂತು ಕೊರೆಸಿ, ಕಾಯಿಗಳ ಬುಡಕ್ಕೆ ಗೂಟ ಇಡಿಸಿದರು. ಕರಿಯ ಕಾಯಿಗಳ ನೆತ್ತಿಗೆ ಗುರುತಿಗೊಂದು ಮೊಳೆ. ಕರಿಯ ಮನೆಗಳಿಗೆ ಕಂಬಳಿಯ ತುಂಡು. ಅಂಟಿಗೆ, ಕಂಬಳಿಗೆ ಗಂಜಿ ಹಾಕುವ ಹುಣಸೆಬೀಜದ ಸರಿ, ಅಂದರೆ ಬೇಯಿಸಿದ ಹಿಟ್ಟಿನ ಅಂಟು. ರಾತ್ರಿ ಅಂಟಿಸಿದ್ದನ್ನು ಬೆಳಗಾಗುವುದರೊಳಗೆ ಇಲಿ ಮೇಯ್ದಿತ್ತು.

"ಲೇ ಇವಳೇ, ನನ್ನ ಮಂತ್ರಿ ನಿಂತಿದ್ದ ಮನೇನೇ ಇಲ್ವಲ್ಲೇ!"

"ಇಲಿ ತಿಂದೈತೆ, ಸುಮ್ನಿರ್ರಿ."

"ಎಲ್ಲಾರಿಗಿಂತ ಅದೇ ವಾಸಿ. ಮುಲಾಜಿಲ್ದೆ ಆಡೈತೆ!"

ಆಟ ತಲೆಗೇರಿದ ಮೇಲೆ ಹಲಗೆಯೂ ಬೇಡವಾಯಿತು. ಹೊರಕೆರೆದೇವಪುರದ ಒಂದು ಮದುವೆಯಲ್ಲಿ ಊಟದೆಲೆಯ ಮೇಲೆಯೇ ಆಟ ಹೂಡಿದರು. ಪಲ್ಯ ಆನೆ, ವಡೆ ಕುದುರೆ, ಉಪ್ಪಿನಕಾಯಿ ರಾಜ. ಬಡಿಸುವವನಿಗೆ ಇದೆಲ್ಲ ಹೇಗೆ ತಿಳಿಯಬೇಕು?

"ಲೇ ಲೇ, ನನ್ನ ಆನೆ ಮೇಲೆ ಹೋಳಿಗೆ ಹಾಕಿದ್ಯಲ್ಲೋ!"

ಬಡಿಸುತ್ತಿದ್ದವನು ಪಾತ್ರೆ ಬಿಟ್ಟು ಓಡಿದ. ನಾನು ತಲೆಯೆತ್ತದೆ ಊಟ ಮುಗಿಸಿದೆ.

ಇಂಥ ಮನುಷ್ಯನಿಗೆ ಇದ್ದದ್ದು ಒಂದೇ ಹಂಬಲ: ಕಣ್ಣಿರುವವನೊಬ್ಬನನ್ನು ನಾಲ್ಕು ಜನರೆದುರು ಸೋಲಿಸಬೇಕು. ಆಮೇಲಾದರೂ ಊರವರು "ಪಾಪ" ಎನ್ನುವುದನ್ನು ಬಿಟ್ಟಾರು ಎಂದು. ಅದಕ್ಕೇ ಈ ಚಿತ್ರದುರ್ಗದ ಪ್ರಯಾಣ. ನಾನು ಎಣಿಸಿದ್ದಂತೆಯೇ ಏಳರ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ನಿಂತೇ ಹೋದೆವು.

ಅಲ್ಲಿ ವ್ಯವಸ್ಥಾಪಕರು ತಕರಾರು ತೆಗೆದರು. "ಮುಟ್ಟಿದ ಕಾಯಿ ನಡೆಸ್ಲೇಬೇಕು ಅಂತ ನಿಯಮ ಐತೆ. ಇವ್ರು ನೋಡಿದ್ರೆ ಎಲ್ಲಾ ಕಾಯಿನೂ ಮುಟ್ತಾರಲ್ರಿ?"

ಭಾವ ಹೇಳಿದರು, "ನೀವು ಕಣ್ಣಲ್ಲಿ ನೋಡ್ತೀರಿ, ನಾನು ಕೈಯಲ್ಲಿ ನೋಡ್ತೀನಿ. ನೀವು ಕಣ್ ಮುಚ್ಕಂಡು ಆಡ್ರಿ, ನಾನೂ ಕೈ ಕಟ್ಕಂಡು ಆಡ್ತೀನಿ."

ಒಪ್ಪಿದರು. ಇಬ್ಬರಿಗೂ ಒಂದೊಂದು ಹಲಗೆ, ನಡೆಯನ್ನು ಬಾಯಲ್ಲಿ ಹೇಳಿ ಆಡುವುದು ಎಂದಾಯಿತು. ಎದುರಾಳಿ ಒಬ್ಬ ವಕೀಲರು. ಸುತ್ತ ಜನ ಸೇರಿದರು. ಭಾವ ತೂತು ತಡವುತ್ತ ಚೆನ್ನಾಗಿಯೇ ಆಡುತ್ತಿದ್ದರು. ಗುಂಪಿನಲ್ಲಿ ಯಾರೋ "ಅಯ್ಯೋ ಪಾಪ" ಎಂದು ಲೊಚಗುಟ್ಟಿದರು. ವಕೀಲರು ಆ ಕಡೆ ಒಮ್ಮೆ ನೋಡಿದರು, ತಮ್ಮ ಮಂತ್ರಿಯನ್ನು ತಂದು ಭಾವನ ಕುದುರೆಯ ಬಾಯಿಗೆ ಇಟ್ಟರು!

ಭಾವನ ಬೆರಳು ನಿಂತಿತು. "ಇನ್ನೊಂದ್ಸಲ ಹೇಳ್ರಿ." ಅವರು ಹೇಳಿದರು. "ಮಂತ್ರಿ ಹೋಗ್ತಾನಲ್ರಿ. ನಿಮಗೆ ಕಣ್ಣು ಕಾಣಲ್ವೇನ್ರಿ?"

ಜನ ನಕ್ಕರು. ವಕೀಲರು ಮೆಲ್ಲಗೆ, "ಇರಲಿ ಯಜಮಾನ್ರೆ, ಪರವಾಗಿಲ್ಲ, ತಗಳ್ರಿ" ಎಂದರು.

ಭಾವನ ಮುಖ ಕಪ್ಪಿಟ್ಟಿತು. ಕುದುರೆಯನ್ನು ಕಿತ್ತು ಹಿಂದಕ್ಕೆ ಇಟ್ಟರು. ಮಂತ್ರಿಯನ್ನು ಮುಟ್ಟಲಿಲ್ಲ. ಆಮೇಲೆ ಆಟ ಸೋಲಲು ಎಷ್ಟು ಹೊತ್ತು?

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. "ಅಲ್ಲಾ ಭಾವ, ಭಾನುವಾರ ಹಾಳು ಮಾಡ್ಕಂಡು ಬಂದೆ. ಎದುರಿಗಿದ್ದ ಮಂತ್ರೀನ ಬಿಟ್ರಲ್ಲ, ತಲೆ ಕೆಟ್ಟೈತಾ?"

"ನಾನು ಆಟಕ್ಕೆ ಹೋಗಿದ್ದೆ ಕಣೋ. ಭಿಕ್ಷೆಗಲ್ಲ."

ಮನೆಗೆ ಬಂದವರು ಅಕ್ಕ ಕೊಟ್ಟ ಕಾಫಿಯನ್ನೂ ಮುಟ್ಟದೆ ಗೋಡೆಯ ಕಡೆ ತಿರುಗಿ ಮಲಗಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಹಲಗೆ ತಂದು ಮಂಚದ ಮೇಲೆ ಕುಕ್ಕಿದೆ.

"ಏಳ್ರಿ. ಬಿದ್ಕಂಡಿದ್ದು ಸಾಕು. ಒಂದಾಟ."

ಎದ್ದರು. ಆಟ ಕುದುರಿತು. ಅರ್ಧದಲ್ಲಿ ಭಾವ ಒಂದು ತಪ್ಪು ಮಾಡಿದರು, ರಾಜನ ಮಗ್ಗುಲು ಬಯಲಾಯಿತು. ಅಕ್ಕನಿಗೆ ಆಟ ತಿಳಿಯದು, ನನ್ನ ಮುಖದ ಹಿಗ್ಗು ತಿಳಿಯಿತು. ಅವರ ಬೆನ್ನ ಹಿಂದೆ ನಿಂತು, "ಇವತ್ತೊಂದಿನ ಸೋಲೋ" ಎಂದು ಕಣ್ಣಲ್ಲೇ ಬೇಡಿದಳು. ನನ್ನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಆನೆಯನ್ನು ತಂದು ನೆಟ್ಟೆ.

"ಮುಗೀತು ಭಾವ. ರಾಜ ಸತ್ತ."

ಅವರು ರಾಜನ ಸುತ್ತಲಿನ ಒಂದೊಂದು ಮನೆಯನ್ನೂ ತಡವಿದರು. ಎಲ್ಲಿಯೂ ದಾರಿ ಇರಲಿಲ್ಲ. ಮತ್ತೊಮ್ಮೆ ತಡವಿದರು.

"ಒಂದಿಷ್ಟೂ ಬಿಟ್ಟು ಕೊಡ್ಲಿಲ್ಲ, ಅಲ್ಲೇನೋ?"

"ನಿಮಗ್ಯಾಕೆ ಬಿಟ್ಟು ಕೊಡ್ಲಿ?"

"ಬಡ್ಡಿಮಗನೇ!" ಎಂದು ಭಾವ ಮನೆಯೆಲ್ಲ ಮೊಳಗುವಂತೆ ನಕ್ಕರು. ತಡಕಾಡಿ ನನ್ನ ಬಲಗೈ ಹಿಡಿದರು. ಊಟಕ್ಕೆ ಎಲೆ ಹಾಕಿದೆ ಎಂದು ಅಕ್ಕ ಕೂಗಿದರೂ ಬಿಡಲಿಲ್ಲ. ಬಿಡಿಸಿಕೊಳ್ಳಲು ನನಗೂ ಮನಸ್ಸಾಗಲಿಲ್ಲ. ಎಡಗೈಯಲ್ಲೇ ಕಾಯಿಗಳನ್ನು ಒಂದೊಂದಾಗಿ ಕಿತ್ತು, ಡಬ್ಬಿಗೆ ತುಂಬಿ, ಮುಚ್ಚಳ ಹಾಕಿದೆ.