ಮೂವತ್ತು ಮೀಟರಿನ ಸತ್ಯ

ತಿಂಡಿ ತಿನ್ನುವಾಗ ಗಂಡಸರು ಬಾಯಿಯನ್ನು ತಿನ್ನುವುದಕ್ಕಷ್ಟೇ ಬಳಸಿದರೆ ಲೋಕದ ಅರ್ಧ ಅನಾಹುತ ತಪ್ಪುತ್ತದೆ. ಅಂತರ್ಜಲ ಕಚೇರಿಯ ಅಳತೆಯವರು ಆ ದಿನ ಹೆಂಡತಿಯ ಮುಂದೆ ಆಡಿದ್ದು ಒಂದೇ ಮಾತು.

"ನೀರು ಮೂವತ್ತು ಮೀಟರಿಗಿಂತ ಕೆಳಗಿಳಿದ ಬೀದಿಗೆ ಕಚೇರಿಯವರೇ ಟ್ಯಾಂಕರ್ ಕಳಿಸ್ತಾರಂತೆ. ಇವತ್ತು ಸಾಯಂಕಾಲದ ಅಳತೆಯೇ ಲೆಕ್ಕ."

"ನಮ್ಮ ಬೀದೀದೆಷ್ಟು?"

"ಇಪ್ಪತ್ತೊಂಬತ್ತು ಮುಕ್ಕಾಲು."

ಹೆಂಡತಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟವಳು. ನೀರೇ ಅವಳ ಬಂಡವಾಳ. "ಕಾಲು ಮೀಟರಿಗೋಸ್ಕರ ಟ್ಯಾಂಕರ್ ಬಿಡ್ತೀರಾ? ಮೂವತ್ತೂಕಾಲು ಅಂತ ಬರ್ದುಬಿಡಿ. ಬಾವಿಗೆ ಇಳಿದು ನೋಡೋರ್ಯಾರು?"

"ಇಪ್ಪತ್ತೆರಡು ವರ್ಷದಲ್ಲಿ ಒಂದೂ ಸುಳ್ಳು ಅಂಕಿ ಬರೆದೋನಲ್ಲ ಕಣೇ."

"ಅದಕ್ಕೇ ಇಪ್ಪತ್ತೆರಡು ವರ್ಷದಿಂದ ಅದೇ ಮುರುಕು ಕುರ್ಚಿ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳತೆಯವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರೂ ಮೂಲೆ ಅಂಗಡಿಯ ಕ್ಷೌರಿಕನೂ ಬಾಗಿಲಲ್ಲಿ ನಿಂತಿದ್ದರು. ಕ್ಷೌರಿಕನ ಕೈಯಲ್ಲಿ ಕತ್ತರಿ ಇತ್ತು. ಯಾರದೋ ಅರ್ಧ ತಲೆ ಅಂಗಡಿಯಲ್ಲಿ ಕಾಯುತ್ತಿತ್ತು.

"ಅಳತೆಯೋರೇ, ಒಂದು ಅಂಕಿ ಆಚೀಚೆ ಆದ್ರೆ ಭೂಮಿ ಬಾಯಿ ಬಿಡುತ್ತಾ?" ಎಂದರು ಮೇಷ್ಟ್ರು.

ಅಳತೆಯವರು ತಾಳ್ಮೆಯಿಂದ ವಿವರಿಸಿದರು. ಸಾವಿರಾರು ಮೈಲಿ ಆಚೆ ಸಮುದ್ರದ ಮೈ ಬಿಸಿಯಾಗಿದೆ, ಗಾಳಿ ದಾರಿ ತಪ್ಪಿದೆ, ಮಳೆ ಬರಲು ಇನ್ನೂ ಮೂರು ವಾರ ಬೇಕು. ಬೀದಿಯ ಕೆಳಗಿರುವ ನೀರು ದಿನಕ್ಕೆ ಐದು ಸೆಂಟಿಮೀಟರ್ ಇಳಿಯುತ್ತಿದೆ. ಹೀಗೇ ಹಿಡಿತವಾಗಿ ಬಳಸಿದರೆ ಆ ಮೂರು ವಾರಕ್ಕೆ ಸರಿಯಾಗಿ ಸಾಲುತ್ತದೆ, ಟ್ಯಾಂಕರಿನ ಹಂಗೇ ಬೇಡ.

"ಎಲ್ಲೋ ಸಮುದ್ರ ಬಿಸಿಯಾದ್ರೆ ಇಲ್ಲಿ ನನ್ನ ಗಿರಾಕಿ ತಲೆ ತೊಳೆಯೋಕೆ ನೀರಿಲ್ವಾ? ಇದ್ಯಾವ ನ್ಯಾಯ?" ಎಂದ ಕ್ಷೌರಿಕ.

"ನ್ಯಾಯ ಗೊತ್ತಿಲ್ಲಪ್ಪ. ನಾನು ಸುಳ್ಳು ಬರೆಯಲ್ಲ," ಎಂದು ಅಳತೆಯವರು ಟೇಪಿನ ಚೀಲ ಹೆಗಲಿಗೇರಿಸಿ ಬೇರೆ ಬೀದಿಗಳ ಬಾವಿ ಅಳೆಯಲು ಸೈಕಲ್ ಹತ್ತಿದರು. ಹಿಂದೆ ಮೇಷ್ಟ್ರು ಕ್ಷೌರಿಕನ ಕಿವಿಯಲ್ಲಿ ಏನೋ ಹೇಳಿದ್ದನ್ನು ಅವರು ನೋಡಲಿಲ್ಲ. ನೋಡಬೇಕಿತ್ತು.

ಮಧ್ಯಾಹ್ನ ಎರಡಕ್ಕೆ ಹಿಂತಿರುಗಿದಾಗ ಸೈಕಲ್ಲಿನ ಚಕ್ರ ಬೀದಿಯ ತುದಿಯಲ್ಲೇ ಪಚಕ್ ಎಂದಿತು. ನಾಲ್ಕು ತಿಂಗಳಿಂದ ಹನಿ ಕಾಣದ ಚರಂಡಿ ತುಂಬಿ ಹರಿಯುತ್ತಿತ್ತು. ಎಲ್ಲ ಮನೆಗಳ ಮೋಟಾರೂ ಒಟ್ಟಿಗೆ ಗುರುಗುಟ್ಟುತ್ತಿದ್ದವು. ಡ್ರಮ್ಮು, ಬಕೆಟ್ಟು, ಪಾತ್ರೆ, ಕೊನೆಗೆ ಚಮಚದವರೆಗೆ ತುಂಬಿ, ಇನ್ನು ತುಂಬಲು ಜಾಗವಿಲ್ಲದೆ ಪೈಪುಗಳನ್ನು ರಸ್ತೆಗೆ ಬಿಟ್ಟಿದ್ದರು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಡಾಂಬರು ತೊಳೆಯುತ್ತಿದ್ದರು.

"ಏನ್ ಮಾಡ್ತಿದ್ದೀರಿ ನೀವೆಲ್ಲ? ನಿಲ್ಲಿಸಿ!" ಅಳತೆಯವರ ದನಿ ಒಡೆಯಿತು.

"ನೀವು ಸುಳ್ಳು ಬರೆಯಲ್ಲ ಅಂದ್ರಲ್ಲ ಸ್ವಾಮಿ," ಎಂದರು ಮೇಷ್ಟ್ರು ಹೆಮ್ಮೆಯಿಂದ. "ಅದಕ್ಕೆ ನಾವೇ ನಿಜ ಮಾಡಿ ಕೊಡ್ತಿದ್ದೀವಿ."

ಅಳತೆಯವರು ಮನೆಯಿಂದ ಮನೆಗೆ ಓಡಿದರು. ಒಂದು ಕಡೆ ಸ್ವಿಚ್ಚು ಆರಿಸಿದರೆ ಹಿಂದೆಯೇ ಇನ್ನೊಂದು ಕಡೆ ಹಾಕುತ್ತಿದ್ದರು. ಕೊನೆಗೆ ಸ್ವಂತ ಮನೆಗೆ ಬಂದರೆ ಅತ್ಯಂತ ದಪ್ಪನೆಯ ಧಾರೆ ಅಲ್ಲಿಂದಲೇ ಬೀಳುತ್ತಿತ್ತು. ಹೆಂಡತಿ ತೊಳೆದ ಬಟ್ಟೆಯನ್ನೇ ಮೂರನೇ ಸಲ ತೊಳೆಯುತ್ತಿದ್ದಳು.

"ನೀನೂನಾ?"

"ಬೀದಿಗೆಲ್ಲ ಟ್ಯಾಂಕರ್ ಬರುತ್ತೆ. ನಿಮ್ಮ ಮರ್ಯಾದೇನೂ ಉಳಿಯುತ್ತೆ. ಇನ್ನೇನು ಬೇಕು ನಿಮಗೆ?"

ನಾಲ್ಕು ಗಂಟೆಗೆ ಅವರ ಮನೆಯ ಮೋಟಾರು ಮುದುಕನಂತೆ ಕೆಮ್ಮಿತು, ಕೆಸರು ಉಗುಳಿತು, ಸುಮ್ಮನಾಯಿತು. ಬೀದಿಯಲ್ಲಿ ಅವರ ಕೊಳವೆಬಾವಿಯೇ ಎಲ್ಲಕ್ಕಿಂತ ಗಿಡ್ಡದು. ಹೆಂಡತಿ ಪೈಪಿನ ಬಾಯಿಗೆ ಕೈಯೊಡ್ಡಿ ನೋಡಿದಳು.

ಐದಕ್ಕೆ ಇಡೀ ಬೀದಿ, ನೀರಿನ ಮಟ್ಟ ನೋಡಲೆಂದೇ ಕಚೇರಿ ಅಲ್ಲಿ ಕೊರೆಸಿದ್ದ ಅಳತೆಬಾವಿಯ ಸುತ್ತ ಸೇರಿತು. ಬೀಗ ತೆಗೆದು ಅಳತೆಯವರು ಟೇಪು ಇಳಿಬಿಟ್ಟರು. ನೀರು ತಾಕಿದೊಡನೆ ಅದು ಗುಂಯ್ ಎನ್ನಬೇಕು. ಇಪ್ಪತ್ತೊಂಬತ್ತು ದಾಟಿತು, ಮೂವತ್ತು ದಾಟಿತು. ಮೂವತ್ತು ಮೀಟರ್ ನಲವತ್ತು ಸೆಂಟಿಮೀಟರಿಗೆ ಗುಂಯ್ ಎಂದಿತು. ಜನ ಚಪ್ಪಾಳೆ ತಟ್ಟಿದರು. ಹದಿಮೂರು ದಿನದ ನೀರನ್ನು ಒಂದೇ ಹಗಲಲ್ಲಿ ಚರಂಡಿಗೆ ಬಿಟ್ಟದ್ದಕ್ಕೆ ಆ ಚಪ್ಪಾಳೆ ಎಂದು ಅಳತೆಯವರಿಗೊಬ್ಬರಿಗೇ ಗೊತ್ತಿತ್ತು. ಬೆಳಿಗ್ಗೆ ಒಂದು ಸುಳ್ಳಂಕಿ ಬರೆಯುತ್ತೇನೆಂದು ಒಪ್ಪಿಕೊಂಡಿದ್ದರೆ ಈ ನೀರು ಭೂಮಿಯಲ್ಲೇ ಇರುತ್ತಿತ್ತಲ್ಲ ಎಂದುಕೊಂಡರು. ಆದರೂ ಬರೆದದ್ದು ನಿಜವನ್ನೇ. ಮೇಲಧಿಕಾರಿಗೆ ಫೋನಿನಲ್ಲಿ ತಿಳಿಸಿದರು.

ಆ ಕಚೇರಿ ಹೇಳಿದ ದಿನವೇ ಕೆಲಸ ಮಾಡಿದ್ದು ಅದೇ ಮೊದಲು. ಆರು ಗಂಟೆಗೆ ಟ್ಯಾಂಕರ್ ಬಂದೇ ಬಿಟ್ಟಿತು. ಹೆಂಗಸರು ಕೊಡ ಹಿಡಿದು ಸಾಲು ನಿಂತರು. ಕ್ಷೌರಿಕ ಸಂತೋಷಕ್ಕೆ ಟ್ಯಾಂಕರಿನ ಹೊಟ್ಟೆಗೆ ಒಂದು ಏಟು ಕೊಟ್ಟ. ಅದು ಡಣ್ ಎಂದು ಖಾಲಿ ಹಂಡೆಯ ಸದ್ದು ಮಾಡಿತು.

ಚಾಲಕ ಇಳಿದು ಕಾಗದ ಬಿಚ್ಚಿದ. "ಅಳತೆಯೋರು ಯಾರು? ಬಾವಿ ಬೀಗ ತೆಗೀರಿ ಸಾರ್. ಮೋಟಾರು, ಪೈಪು ಎಲ್ಲಾ ತಂದಿದ್ದೀನಿ."

"ಯಾಕಪ್ಪ?"

"ಆರ್ಡರ್ ನೋಡಿ. ಡೀಸೆಲ್ ಉಳಿಸೋಕೆ, ಆಯಾ ಬೀದಿಯ ಕಚೇರಿ ಬಾವಿಯಿಂದಲೇ ತುಂಬಿಸಿ ಅದೇ ಬೀದಿಗೆ ಹಂಚಬೇಕಂತೆ."

ಮೇಷ್ಟ್ರು ಎತ್ತಿ ಕಟ್ಟಿದ್ದ ಪಂಚೆಯನ್ನು ಮೆಲ್ಲಗೆ ಇಳಿಬಿಟ್ಟರು. ಅಳತೆಯವರು ಮತ್ತೆ ಫೋನು ಮಾಡಿದರು.

"ಸಾರ್, ಇದು ನಮ್ಮದೇ ನೀರಲ್ವಾ?"

"ಮತ್ತೆ ಇನ್ಯಾರ್ದು ಕೊಡೋಕಾಗುತ್ತೆ ರೀ?" ಎಂದರು ಮೇಲಧಿಕಾರಿ. "ಎಲ್ಲಾ ಬೀದೀದೂ ಇದೇ ಕತೆ. ಬೇಗ ತುಂಬಿಸಿ ಕಳಿಸಿ, ನಾಳೆ ಪಕ್ಕದ ಬೀದಿಗೂ ಅದೇ ಟ್ಯಾಂಕರು."

ಬೀಗ ತೆಗೆಯದೆ ವಿಧಿಯಿರಲಿಲ್ಲ. ಪೈಪು ಇಳಿಯಿತು, ನೀರು ಮೇಲೇರಿ ಟ್ಯಾಂಕರಿಗೆ ಬಿತ್ತು, ಟ್ಯಾಂಕರಿನಿಂದ ಕೊಡಗಳಿಗೆ ಬಿತ್ತು. ಅರ್ಧ ಕೆಸರು. ಸಾಲಿನಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಹೆಂಡತಿ ತನ್ನ ಸರದಿ ಬಂದಾಗ ಎರಡು ಕೊಡ ತುಂಬಿಕೊಂಡು ಗಂಡನ ಪಕ್ಕ ಬಂದು ನಿಂತಳು.

"ತಪ್ಪಾಯ್ತು ಕಣ್ರೀ," ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ ಕೇಳಿದಳು, "ಇನ್ನೆಷ್ಟು ದಿನ ಬರುತ್ತೆ ಇದು?"

ಅಳತೆಯವರು ಬಾವಿಯ ಕತ್ತಲೆಯನ್ನು ನೋಡಿದರು, ಅವಳ ಒದ್ದೆ ಕೈಗಳನ್ನು ನೋಡಿದರು. ಇಪ್ಪತ್ತೊಂದು ದಿನದಲ್ಲಿ ಹದಿಮೂರು ಹೋದರೆ ಉಳಿದದ್ದು ಎಂಟು.

"ಮಳೆ ಬರೋವರೆಗೂ ಬರುತ್ತೆ ಬಿಡು," ಎಂದರು.