ರೊಟ್ಟಿ ಬಡಿದು ಬರೆದ ವಿಮರ್ಶೆ

‘ಅನುಮಾನಂ ಪೆದ್ದ ರೋಗಂ’, ಅಂದರೆ ಅನುಮಾನವೇ ದೊಡ್ಡ ರೋಗ, ಎಂಬ ಮಾತನ್ನು ನಮ್ಮ ಬಳ್ಳಾರಿಯಲ್ಲಿ ಕನ್ನಡದವರೂ ತೆಲುಗಿನಲ್ಲೇ ಹೇಳುತ್ತಾರೆ. ರೋಗ ಆ ಕಡೆಯಿಂದ ಬಂತೆಂದು ತೋರಿಸುವುದಕ್ಕಿರಬೇಕು ಎಂಬುದು ನನ್ನ ಅನುಮಾನ. ನನಗಂತೂ ಅದು ಹುಟ್ಟಿನಿಂದ ಬಂದದ್ದು. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎನಿಸುತ್ತದೆ. ನಗದಿದ್ದರೆ ಜಾಸ್ತಿ ಬಿದ್ದಿದೆ ಎನಿಸುತ್ತದೆ. ಈ ಗುಣವನ್ನು ಮೆಚ್ಚಿದವರು ಲೋಕದಲ್ಲಿ ಒಬ್ಬರೇ, ಊರಿನ ಒಂದು ಸಣ್ಣ ವಾರಪತ್ರಿಕೆಯ ಸಂಪಾದಕರು. “ನಿಮ್ಮಂಥವರೇ ವಿಮರ್ಶಕರಾಗಬೇಕ್ರಿ” ಎಂದು ಹೊಸ ಕ್ಯಾಸೆಟ್ಟುಗಳ ಅಂಕಣ ಕೊಟ್ಟೇಬಿಟ್ಟರು.

ಆಗಷ್ಟೇ ಮನೆಮನೆಗೆ ಟೇಪ್‌ರೆಕಾರ್ಡರ್ ಬರತೊಡಗಿತ್ತು. ಸಿನಿಮಾದ ಹಂಗಿಲ್ಲದೆ, ದೊಡ್ಡ ಕಂಪನಿಯ ಬೆನ್ನಿಲ್ಲದೆ, ಹಾಡಲೇಬೇಕೆಂಬ ಹಟವೊಂದರಿಂದಲೇ ಕ್ಯಾಸೆಟ್ ಮಾಡುವವರು ಸಿರುಗುಪ್ಪ, ಕುರುಗೋಡಿನ ಕಡೆ ತುಂಬ ಜನ ಎದ್ದಿದ್ದರು. ಒಬ್ಬರು ತತ್ವಪದಕ್ಕೆ ಗಿಟಾರ್ ಸೇರಿಸಿದರೆ, ಇನ್ನೊಬ್ಬರು ಭತ್ತ ನಾಟಿಯ ಹಾಡಿಗೆ ಮದುವೆ ಬ್ಯಾಂಡಿನ ತುತ್ತೂರಿ ಸೇರಿಸುತ್ತಿದ್ದರು. ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬಹುದು ಎಂದು ಹೇಳುವುದು ನನ್ನ ಕೆಲಸ. ಕ್ಯಾಸೆಟ್ ಹಿಡಿದವರು ಬಳ್ಳಾರಿಯ ಗಾಂಧಿನಗರದ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ನಾನು ಅವರ ಇನ್ನೊಂದು ಕೈ ನೋಡುತ್ತಿದ್ದೆ. ಅದರಲ್ಲಿ ಸಣ್ಣಕ್ಕಿಯ ಚೀಲವಿದ್ದರೆ ಹಾಡಿನಲ್ಲಿ ಹುಳುಕಿದೆ ಎಂದರ್ಥ. ಕೈ ಖಾಲಿ ಇದ್ದರೆ ಹಾಡಿದವರಿಗೆ ಅಹಂಕಾರವಿದೆ ಎಂದರ್ಥ.

ಇಷ್ಟೆಲ್ಲ ಇದ್ದೂ ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅದಕ್ಕೇ ಒಂದು ಗುಟ್ಟಿನ ಉಪಾಯ ಮಾಡಿದ್ದೆ. ಹೆಂಡತಿ ಗೌರಮ್ಮ ಜೋಳದ ರೊಟ್ಟಿ ಬಡಿಯಲು ಕುಳಿತಾಗ ಕ್ಯಾಸೆಟ್ ಹಾಕಿ, ಅಡುಗೆಮನೆಯ ಬಾಗಿಲ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಿದ್ದೆ. ಹಾಡು ಚೆನ್ನಾಗಿದ್ದರೆ ಅವಳ ಕೈ ತಾನಾಗಿ ತಾಳಕ್ಕೆ ಬೀಳುತ್ತಿತ್ತು. ಕೆಟ್ಟದಾಗಿದ್ದರೆ ಹಾಡಿನ ದಾರಿ ಹಾಡಿಗೆ, ರೊಟ್ಟಿಯ ದಾರಿ ರೊಟ್ಟಿಗೆ. ಅದನ್ನೇ ‘ಲಯ ಬಿಗಿಯಾಗಿದೆ’, ‘ಲಯ ಸಡಿಲ’ ಎಂದು ಬರೆಯುತ್ತಿದ್ದೆ. ಒಮ್ಮೆ ‘ಕೊನೆಯ ಹಾಡಿಗೆ ಉಸಿರೇ ಇಲ್ಲ’ ಎಂದು ಬರೆದದ್ದೂ ಉಂಟು. ನಿಜವಾಗಿ ಹಿಟ್ಟು ಮುಗಿದಿತ್ತು.

ಹೀಗೆ ಹೆಸರು ಮಾಡುತ್ತಿರುವಾಗ ಕುರುಗೋಡಿನಿಂದ ಗೌರಮ್ಮನ ತಮ್ಮ ಪಂಪಾಪತಿ ತನ್ನ ಮೊದಲ ಕ್ಯಾಸೆಟ್ ತಂದ. “ಮಾವಾರ, ಅಪ್ಪ ಒಂದು ಮಾತು ಹೇಳ್ಯಾನ್ರಿ. ಪೇಪರಿನಾಗ ಛಲೋ ಬಂದ್ರ ಹಾಡು, ಇಲ್ಲಂದ್ರ ಹಾರ್ಮೋನಿಯಂ ಅಟ್ಟಕ್ಕ ಏರಿಸಿ ಗೊಬ್ಬರದಂಗಡ್ಯಾಗ ಕುಂದ್ರು ಅಂದಾನ. ನೀವು ಇದ್ದದ್ದು ಇದ್ದಂಗ ಬರೀರಿ” ಎಂದ. ಇದ್ದದ್ದು ಇದ್ದಂತೆ ಬರೆಯಿರಿ ಎನ್ನುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಅಕ್ಕನಾದವಳು ತಮ್ಮನ ಹಾಡಿಗೆ ತಾಳ ಹಾಕದೆ ಬಿಟ್ಟಾಳೆಯೇ? ಅವತ್ತು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಕಣ್ಣನ್ನು ಅವಳ ಕೈಯಿಂದ ಕೀಳದೆ ಕುಳಿತೆ.

ಕೈ ತಾಳಕ್ಕೆ ಬೀಳಲೇ ಇಲ್ಲ. ಹಾಡು ಏರಿದರೆ ಬಡಿತ ನಿಧಾನ, ಹಾಡು ಇಳಿದರೆ ದಬದಬ. ಒಡಹುಟ್ಟಿದವಳ ಪ್ರೀತಿಯೂ ಎತ್ತಿ ಹಿಡಿಯಲಾಗದ ಹಾಡು ಎಂದು ತೀರ್ಮಾನಿಸಿ, ‘ತಾಳ ಹೆಜ್ಜೆಹೆಜ್ಜೆಗೂ ಜಾರುತ್ತದೆ, ಕೊಳ್ಳಲು ಅವಸರ ಬೇಡ’ ಎಂದು ಬರೆದೆ. ಬಾಮೈದನನ್ನೂ ಬಿಡದ ವಿಮರ್ಶಕ ಎಂದು ಜನ ಹೊಗಳಿದರು.

ಕೆಲವು ದಿನಗಳಾದ ಮೇಲೆ ಸಿರುಗುಪ್ಪದ ಬಸ್ ನಿಲ್ದಾಣದ ಎದುರು ಒಂದು ಹೋಟೆಲಿನಲ್ಲಿ ಅದೇ ಕ್ಯಾಸೆಟ್ ಹಾಡುತ್ತಿತ್ತು. ಮಿರ್ಚಿ ಕರಿಯುವವನ ಜಾಲರಿ ಸೌಟು ತಾಳಕ್ಕೆ ಸರಿಯಾಗಿ ಬಾಣಲೆಯ ಅಂಚಿಗೆ ಬಡಿಯುತ್ತಿತ್ತು. ಪಕ್ಕದ ಹಳ್ಳಿ ಕರೂರಿನ ಬಸ್ಸು ಹೊರಟರೂ ಅಲ್ಲಿಗೆ ಹೋಗಬೇಕಾದ ಹಿರಿಯರೊಬ್ಬರು ಏಳಲಿಲ್ಲ. “ಈ ಪದ ಮುಗೀಲಿ ತಡಿಯೋ. ಬಸ್ಸು ಇನ್ನೊಂದು ಬರ್ತೈತಿ” ಎಂದು ಜೊತೆಗಾರನನ್ನೂ ಕೂರಿಸಿಕೊಂಡರು. ನನ್ನ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

ಮನೆಗೆ ಬಂದು, ಅವತ್ತು ಕೈ ಯಾಕೆ ತಾಳ ತಪ್ಪಿತು ಎಂದು ಗೌರಮ್ಮನನ್ನು ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು: “ಬಾಗಲದಾಗ ಕುಂತು ನನ್ನ ಕೈ ನೋಡೋದು ನನಗ ಗೊತ್ತಿಲ್ಲೇನ್ರಿ? ತಮ್ಮಂದಂತ ತಾಳ ಹಾಕಿದ್ರ ಅದಕ್ಕೂ ಅನುಮಾನ ಪಡ್ತೀರಿ. ಅದಕ್ಕ ಬೇಕಂತ ತಪ್ಪಿಸಿ ಬಡದೆ. ಆವತ್ತು ಒಂದು ರೊಟ್ಟಿನೂ ದುಂಡಗ ಬಂದಿರಲಿಲ್ಲ. ತಿಂದ್ರಲ್ಲ, ಕಾಣಲಿಲ್ಲೇನು? ಅದನ್ನ ನೋಡಿ, ಬರಿಯೋಮುಂದ ಒಮ್ಮೆನರ ನೀವ ಹಾಡು ಕೇಳ್ತೀರಿ ಅನ್ಕೊಂಡಿದ್ದೆ. ಅವನ ಹಾರ್ಮೋನಿಯಂ ಪೆಟ್ಟಿಗಿ ಈಗ ಅಟ್ಟದಾಗ ಐತಿ.” ನನಗೆ ನಾಚಿಕೆಯಾಯಿತು.

“ಇನ್ನೊಮ್ಮೆ ಹಾಕತೀನಿ, ರೊಟ್ಟಿ ಮಾಡು” ಎಂದೆ. “ಇವತ್ತು ಅನ್ನಕ್ಕಿಟ್ಟೀನ್ರಿ. ನೀವ ಕೇಳ್ರಿ” ಎಂದು ಒಳಗೆ ಹೋದಳು.

ಒಬ್ಬನೇ ಕುಳಿತು ಕೇಳಿದೆ. ಎರಡನೆಯ ಹಾಡಿಗೆ ನನ್ನ ಕಾಲು ತಾಳ ಹಾಕತೊಡಗಿತು. ಅನುಮಾನ ಬಂತು: ಕುಳಿತಿದ್ದ ಕುರ್ಚಿ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದಲ್ಲವೇ? ಎದ್ದು ನೆಲದ ಮೇಲೆ ಕುಳಿತೆ. ಆಗ ಮಂಡಿ ಕುಣಿಯಿತು. ಸೋತು, ಹಿಂದೆ ಬರೆದದ್ದು ತಪ್ಪು, ಕ್ಯಾಸೆಟ್ ತಪ್ಪದೆ ಕೊಳ್ಳಿ ಎಂದು ಬರೆದೆ. ಹೆಂಡತಿಯ ಕೈಯಿಲ್ಲದೆ ನಾನು ಬರೆದ ಮೊದಲ ವಿಮರ್ಶೆ ಅದು. ಅದನ್ನು ಹಿಡಿದು ಬೆಳಿಗ್ಗೆಯೇ ಕಂಟೋನ್ಮೆಂಟಿನಲ್ಲಿದ್ದ ಸಂಪಾದಕರ ಮನೆಗೆ ಹೋದೆ.

ಅವರು ಪೂರ್ತಿ ಓದಿದರು. “ಬಾಮೈದಂದಲ್ಲೇನ್ರಿ ಇದು?” ಎಂದು, ಕನ್ನಡಕದ ಮೇಲಿನಿಂದ ನನ್ನ ಇನ್ನೊಂದು ಕೈ ನೋಡಿದರು. ಅದರಲ್ಲಿ, ಅವರಿಗೆ ಕೊಡಿ ಎಂದು ಗೌರಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟಿತ್ತು.