ನಾನು ತಿಂದೆನೆಂದು ಬರೆದ ಪೆಟ್ಟು

ಕಥೆ ಬರೆಯುವವನಿಗೆ ನೆನಪಿನ ಶಕ್ತಿ ಬೇಕು ಅಂತಾರೆ. ನನಗದು ತುಸು ಜಾಸ್ತಿಯೇ ಇದೆ, ಆಗದೇ ಇದ್ದದ್ದೂ ನೆನಪಿರುತ್ತದೆ. ಹೀಗಾಗಿ ತಲೆ ತಗ್ಗಿಸುವ ಪ್ರಸಂಗಗಳು ಬರುತ್ತಲೇ ಇರುತ್ತವೆ. ಒಂದೇ ಕಥೆಯಿಂದ ಮೂರು ಸಲ ತಗ್ಗಿಸಿದ್ದೇನೆ.

೧. ಸ್ಟಾಫ್ ರೂಮಿನಲ್ಲಿ

ಜಮಖಂಡಿಯಲ್ಲಿ ಮಾಸ್ತರನಾಗಿದ್ದಾಗ ಬರೆದ ಕಥೆ ಅದು. ನಮ್ಮದು ಕುರಿ ಕಾಯುವ ಮನೆತನ. ಮನೆದೇವರು ಬೀರಪ್ಪನ ಹೆಸರಿಗೆ ಬಿಟ್ಟ ಮರಿ ಕಳೆದುಹೋಗುತ್ತದೆ. ಕಾಯುತ್ತಿದ್ದವಳು ಅಕ್ಕ; ತಮ್ಮನಾದವನು ತಪ್ಪು ತನ್ನದೆಂದು ಹೇಳಿ, ಅವಳನ್ನು ಉಳಿಸಿ, ಅಪ್ಪನ ಬಡಿಗೆಯ ಪೆಟ್ಟು ತಿನ್ನುತ್ತಾನೆ. ಆ ತಮ್ಮ ನಾನೇ. ಓದಿ ಹೇಳುತ್ತ ನಾನೇ ಅತ್ತುಬಿಟ್ಟೆ.

"ಖರೇನ ಆಗಿದ್ದೇನ್ರಿ ಸರ?" ಡ್ರಿಲ್ ಮಾಸ್ತರರು ಕೇಳಿದರು.

"ಒಂದಕ್ಷರ ಸುಳ್ಳಿಲ್ರಿ. ಬೆನ್ನ ಮ್ಯಾಲ ಇನ್ನೂ ಗುರ್ತ ಐತಿ."

ತೋರಿಸಿ ಎಂದು ಎಲ್ಲರೂ ಗಂಟುಬಿದ್ದರು. ಅಂಗಿ ಎತ್ತಿದೆ. ಡ್ರಿಲ್ ಮಾಸ್ತರರು ಮೂಗಿಗೆ ಚಾಳೀಸು ಏರಿಸಿಕೊಂಡು ಹುಡುಕಿ, "ಬೆವರುಸಾಲಿ ಅಷ್ಟ ಅದಾವ್ರಿ" ಎಂದರು.

೨. ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ

ನಮ್ಮೂರು ಹಿನ್ನೀರಿನಲ್ಲಿ ಮುಳುಗಿದೆ. ಇನ್ನು ಯಾರು ನೋಡುತ್ತಾರೆಂದು ಕಥೆಯೊಳಗೆ ಊರ ನಡುವೆ ಇಲ್ಲದ ಒಂದು ಮೆಟ್ಟಿಲ ಬಾವಿ ಕಟ್ಟಿದ್ದೆ. ಕಥೆ ಅಚ್ಚಾದ ಮೇಲೆ ಊರಿನ ಹಿರಿಯರೊಬ್ಬರು ಸಿಕ್ಕು ಕೈ ಹಿಡಿದರು.

"ಛಲೋ ಬರದೀಪಾ. ಆ ಬಾವ್ಯಾಗ ನಾ ಈಜ ಕಲ್ತೇನಿ."

ಅವರ ಕಣ್ಣು ತುಂಬಿತ್ತು. ಬಾವಿ ನನ್ನ ಕಲ್ಪನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಗದರಿದರು: "ಆದ್ರ ಹನ್ನೆರಡ ಮೆಟ್ಟಲ ಅಂತ ಯಾಕ ಬರದೀ? ಹದಿನೆಂಟ ಇದ್ದುವು!"

"ತಪ್ಪಾತ್ರಿ ಕಾಕಾ" ಎಂದೆ. ಪುಸ್ತಕ ಬಂದಾಗ ಹದಿನೆಂಟು ಮಾಡಿದೆ.

೩. ಬನಹಟ್ಟಿಯ ಸತ್ಕಾರದಲ್ಲಿ

ಕಥೆಗೆ ಬಹುಮಾನ ಬಂತು. ಬನಹಟ್ಟಿಯಲ್ಲಿ ನನಗೆ ಶಾಲು ಹೊದಿಸಿದರು. ಹುನ್ನೂರಿಗೆ ಕೊಟ್ಟ ನನ್ನ ಅಕ್ಕನನ್ನೂ ವೇದಿಕೆಗೆ ಕರೆಸಿದ್ದರು. ಆಕೆಗೆ ಓದು ಬಾರದು. ಹೀಗಾಗಿ ಅಲ್ಲೇ ಕಥೆ ಓದಿದರು. ಅಕ್ಕ ಮೊದಲ ಸಲ ಕೇಳಿದಳು, ಸೆರಗು ಬಾಯಿಗೆ ಒತ್ತಿಕೊಂಡು. ಅಳುತ್ತಿದ್ದಾಳೆ ಎಂದುಕೊಂಡೆ.

"ನಿಮ್ಮನ್ನ ಉಳಿಸಿದ ತಮ್ಮನ ಬಗ್ಗೆ ಎರಡು ಮಾತು ಹೇಳ್ರಿ" ಎಂದು ಮೈಕು ಕೊಟ್ಟರು.

"ಮರಿ ಬಿಟ್ಟು ಮಲ್ಕೊಂಡಾಂವ ಇಂವ. ಹೊಡ್ತ ತಿಂದಾಕಿ ನಾ. ಇಂವ ಬೇವಿನ ಗಿಡಾ ಏರಿ ಕುಂತಿದ್ದ."

ಆ ಟೊಂಗೆ, ಕೆಳಗೆ ಅಕ್ಕನ ಬೆನ್ನು, ಬಾಯಿ ಬಿಡದೆ ಕುಳಿತ ನಾನು, ಎಲ್ಲ ಒಮ್ಮೆಲೇ ನೆನಪಾಯಿತು. ಇಷ್ಟು ವರ್ಷ ಅವಳ ಪೆಟ್ಟಿಗೆ ನಾನು ಅತ್ತು ಹೆಸರು ಮಾಡಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು. ಶಾಲು ತೆಗೆದು ಅವಳಿಗೆ ಹೊದಿಸಲು ಹೋದೆ.

"ತಪ್ಪಾತು ಅಕ್ಕಾ. ಇದು ನಿಂದು."

ಅಕ್ಕ ಶಾಲನ್ನು ತಿರುಗಿ ನನ್ನ ಹೆಗಲಿಗೇ ಹಾಕಿದಳು. "ನೀನ ಹೊತ್ಕೊಳಲೇ. ಹೊಡ್ತ ತಿಂದ ನನಗ ಇಷ್ಟ ಬ್ಯಾನಿ ಆಗಿದ್ದಿಲ್ಲ. ಗಿಡದ ಮ್ಯಾಲ ಕುಂತ ನಿನಗ ಭಾಳ ಆಗೇತಿ!"